ಹೃದಯದಲ್ಲಿ ತೂತಿರುವ ಕೂಸಿಗೆ ನ್ಯುಮೋನಿಯಾ ಬಂದಾಗ: ವಾರ್ಡಿನ ಶುಶ್ರೂಷೆ ಹಂತ ಹಂತವಾಗಿ

ನಾಲ್ಕು ತಿಂಗಳ ಮಗು. ಹುಟ್ಟಿದಾಗ 2.8 ಕೆ.ಜಿ. ಇತ್ತು, ಈಗ 4 ಕೆ.ಜಿ. ಮಾತ್ರ. ಮೊಲೆ ಹಿಡಿದ ಎರಡೇ ನಿಮಿಷಕ್ಕೆ ಹಣೆ ಬೆವರುತ್ತದೆ, ನಾಲ್ಕು ಗುಟುಕು ಕುಡಿದು ಬಿಟ್ಟುಬಿಡುತ್ತದೆ. ಮೂರು ದಿನದಿಂದ ಕೆಮ್ಮು, ಜ್ವರ. ಈಗ ಪಕ್ಕೆ ಹೊಡೆದುಕೊಳ್ಳುತ್ತಿದೆ. ಎಕೋ ಚೀಟಿಯಲ್ಲಿ ‘ದೊಡ್ಡ ವಿಎಸ್‌ಡಿ’ ಎಂದು ಬರೆದಿದೆ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಇಂಥ ಮಗು ಹೊಸದಲ್ಲ. ಮುಂದಿನ ಲೆಕ್ಕಗಳೆಲ್ಲ ಈ 4 ಕೆ.ಜಿ. ಕೂಸನ್ನೇ ಇಟ್ಟುಕೊಂಡು ಮಾಡಿದವು. ಔಷಧದ ಆದೇಶ ವೈದ್ಯರದು. ಅದನ್ನು ಅಳೆದು ಕೊಡುವುದು, ಕೊಟ್ಟ ಮೇಲೆ ಕಾಯುವುದು, ಏರುಪೇರನ್ನು ಮೊದಲು ಗುರುತಿಸುವುದು ನರ್ಸ್‌ಗಳ ಕೆಲಸ.

ವಿಎಸ್‌ಡಿ ಎಂದರೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಎಡಗಡೆಯ ರಕ್ತ ಆ ತೂತಿನಿಂದ ಬಲಕ್ಕೆ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಹುಟ್ಟಿದ ಹೊಸದರಲ್ಲಿ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿರುವುದರಿಂದ ತೊಂದರೆ ಕಾಣುವುದಿಲ್ಲ. 6ರಿಂದ 8 ವಾರಕ್ಕೆ ಅವು ಸಡಿಲವಾಗುತ್ತಿದ್ದಂತೆ ರಕ್ತದ ಪ್ರವಾಹ ಹೆಚ್ಚಿ ಶ್ವಾಸಕೋಶ ಒದ್ದೆಯಾಗುತ್ತದೆ. ‘ಬಾಣಂತನ ಮುಗಿಯುವವರೆಗೂ ಚೆನ್ನಾಗಿತ್ತು’ ಎಂದು ತಾಯಿ ಹೇಳುವುದು ಇದಕ್ಕೇ. ಒದ್ದೆ ಶ್ವಾಸಕೋಶಕ್ಕೆ ಸೋಂಕು ಸುಲಭವಾಗಿ ತಗಲುತ್ತದೆ, ತಗಲಿದ ಸೋಂಕು ದಣಿದ ಹೃದಯವನ್ನು ಇನ್ನಷ್ಟು ದಣಿಸುತ್ತದೆ. ಹೀಗಾಗಿ ಈ ಮಗುವಿಗೆ ದ್ರವ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ; ಹಾಲು, ಆಮ್ಲಜನಕ, ಕಡೆಗೆ ನಮ್ಮ ಮುಟ್ಟಾಟಕ್ಕೂ ಇದೇ ಮಾತು ಸಲ್ಲುತ್ತದೆ.

ಮುಟ್ಟುವ ಮೊದಲು ನೋಡಿ

ಮಗು ತಾಯಿಯ ಮಡಿಲಲ್ಲೇ ಇರಲಿ. ಅಂಗಿ ಎತ್ತಿ ಎದೆ, ಹೊಟ್ಟೆ ಕಾಣುವಂತೆ ಮಾಡಿ ಪೂರ್ತಿ 60 ಸೆಕೆಂಡ್ ಉಸಿರು ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಕೂಸುಗಳಿಗೆ ನಡೆಯದು, ಏಕೆಂದರೆ ಅವುಗಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ವಾರ್ಡಿನ ಗಡಿಯಾರದ ಸೆಕೆಂಡ್ ಮುಳ್ಳು ನಿಂತಿದ್ದರೆ ಮೊದಲು ಬ್ಯಾಟರಿ ಹಾಕಿಸಿ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2ರಿಂದ 11 ತಿಂಗಳಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು.

ಎಣಿಸುತ್ತಲೇ ಉಳಿದವನ್ನೂ ಗಮನಿಸಿ. ಉಸಿರು ಒಳಗೆ ಎಳೆದಾಗ ಎದೆಯ ಕೆಳಭಾಗ ಒಳಕ್ಕೆ ಕುಸಿಯುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ಪ್ರತಿ ಉಸಿರಿಗೂ ತಲೆ ತೂಗುತ್ತಿದೆಯೇ? ಉಸಿರು ಬಿಡುವಾಗ ‘ಹ್ಞೂಂ, ಹ್ಞೂಂ’ ಎಂಬ ನರಳಿಕೆ ಕೇಳಿಸಿದರೆ ಅದು ನೋವಿನ ದನಿ ಎಂದು ಬಿಡಬೇಡಿ. ಗಾಳಿಗೂಡುಗಳು ಮುಚ್ಚಿಹೋಗದಂತೆ ಮಗು ತಾನೇ ಗಂಟಲು ಬಿಗಿಹಿಡಿಯುತ್ತಿದೆ. ತಕ್ಷಣ ವೈದ್ಯರನ್ನು ಕರೆಯಬೇಕಾದ ಲಕ್ಷಣ ಅದು. ರಾತ್ರಿಪಾಳಿಯಲ್ಲಿ ಹೆಚ್ಚು ಮೋಸ ಮಾಡುವುದು ಇನ್ನೊಂದು. ಸಂಜೆ 76 ಇದ್ದ ಉಸಿರು ಬೆಳಗಿನ ಜಾವಕ್ಕೆ 34 ಆಗಿದೆ, ಮಗು ‘ಶಾಂತವಾಗಿ’ ಮಲಗಿದೆ. ಎಬ್ಬಿಸಿದರೂ ಕಣ್ಣು ಬಿಡದಿದ್ದರೆ ಅದು ಸುಧಾರಣೆಯಲ್ಲ, ಮಗು ಸೋತುಹೋಗಿದೆ.

ಈಗ ಮುಟ್ಟಿ ನೋಡಿ. ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಒಂದು ನಿಮಿಷ ನಾಡಿ ಎಣಿಸಿ. ವರ್ಷದೊಳಗಿನ ಕೂಸು ಅಳದೆ ಇರುವಾಗಲೂ 160 ದಾಟಿದ್ದರೆ ಹೃದಯ ವೈಫಲ್ಯದ ಅನುಮಾನವಿರಲಿ. ಬಲಪಕ್ಕೆಯ ಕೆಳಗೆ ಯಕೃತ್ತಿನ ಅಂಚು ಕೈಗೆ ಸಿಕ್ಕಿದ ಕಡೆ ಪೆನ್ನಿನಿಂದ ಸಣ್ಣ ಗೆರೆ ಎಳೆದಿಡಿ. ನಾಳೆ ಅದು ಇಳಿದಿದೆಯೋ ಬೆಳೆದಿದೆಯೋ ಎಂದು ಯಾರು ಬೇಕಾದರೂ ಹೇಳಬಹುದು. ಕೂಸುಗಳಲ್ಲಿ ಊತ ಕಾಲಿಗಿಂತ ಮೊದಲು ಕಣ್ಣರೆಪ್ಪೆಯಲ್ಲಿ, ಬೆನ್ನಿನ ಕೆಳಭಾಗದಲ್ಲಿ ಕಾಣುತ್ತದೆ. ತೊಡೆಸಂದಿಯ ನಾಡಿಯನ್ನು ತೋಳಿನ ನಾಡಿಯ ಜತೆ ಹೋಲಿಸಿ; ಅಲ್ಲಿ ಸಿಗದಿದ್ದರೆ ಮಹಾಧಮನಿ ಕಿರಿದಾಗಿರಬಹುದು. ನೀಲಿಬಣ್ಣ ಹುಡುಕುವುದು ನಾಲಿಗೆ ಮತ್ತು ಒಸಡಿನಲ್ಲಿ. ನಮ್ಮ ಮಕ್ಕಳ ತುಟಿಯ ಬಣ್ಣ ನಂಬಲಾಗದು, ರಕ್ತಹೀನತೆ ಇರುವ ಮಗುವಿನಲ್ಲಂತೂ ಆಮ್ಲಜನಕ ಎಷ್ಟೋ ಇಳಿದಿದ್ದರೂ ನೀಲಿ ಕಾಣದೇ ಹೋಗಬಹುದು.

ಜ್ವರವೂ ವೇಗದ ಉಸಿರೂ ಇದ್ದರೆ ಬರೀ ನ್ಯುಮೋನಿಯಾ ಎಂದುಕೊಳ್ಳುವುದು ಸಹಜ. ಅದರ ಜತೆಗೆ ತಣ್ಣನೆಯ ಕೈಕಾಲು, ಹಣೆಯ ಬೆವರು, ಬೆಳೆದ ಯಕೃತ್ತು, ಒಂದೇ ದಿನಕ್ಕೆ ಏರಿದ ತೂಕ ಇದ್ದರೆ ಹೃದಯವೂ ಸೋಲುತ್ತಿದೆ.

ಆಮ್ಲಜನಕ

ಪಲ್ಸ್ ಆಕ್ಸಿಮೀಟರ್‌ನ ಅಂಕಿ ನಂಬುವ ಮೊದಲು ಅದು ತೋರಿಸುವ ನಾಡಿ ಸ್ಟೆತಾಸ್ಕೋಪಿನ ನಾಡಿಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಆ ಶೇಕಡಾವಾರು ಸುಳ್ಳು. ಪಾದ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಬಿಸಿಲು ಅಥವಾ ಫೋಟೋಥೆರಪಿ ಬೆಳಕು ಬೀಳುತ್ತಿದ್ದರೆ ಬಟ್ಟೆ ಮುಚ್ಚಿ. ಎರಡು-ಮೂರು ಗಂಟೆಗೊಮ್ಮೆ ಪ್ರೋಬ್‌ನ ಜಾಗ ಬದಲಿಸಿ, ಇಲ್ಲದಿದ್ದರೆ ಚರ್ಮ ಸುಡುತ್ತದೆ.

90ಕ್ಕಿಂತ ಕಡಿಮೆ ಇದ್ದರೆ ಆಮ್ಲಜನಕ ಬೇಕು. ಮೂಗಿನ ಹೊಳ್ಳೆಗೆ ಕೂರಿಸುವ ನೇಸಲ್ ಪ್ರಾಂಗ್‌ನಲ್ಲಿ ನವಜಾತ ಶಿಶುವಿಗೆ ನಿಮಿಷಕ್ಕೆ ಅರ್ಧದಿಂದ 1 ಲೀಟರ್, ನಮ್ಮ ಕೂಸಿನಂಥವರಿಗೆ 1ರಿಂದ 2, ದೊಡ್ಡ ಮಕ್ಕಳಿಗೆ 1ರಿಂದ 4 ಲೀಟರ್. ಪ್ರಾಂಗ್‌ನ ಕವಲು ಮೂಗಿನ ಹೊಳ್ಳೆಯ ಅರ್ಧಕ್ಕಿಂತ ದಪ್ಪ ಇರಬಾರದು. ಕೊಳವೆಯನ್ನು ಮೊದಲು ಕೆನ್ನೆಗೆ ಅಂಟಿಸಿ, ಆಮೇಲೆ ಕಿವಿಯ ಹಿಂದೆ ಹಾಯಿಸಿ.

ದೊಡ್ಡ ವಿಎಸ್‌ಡಿ ಮಗುವಿಗೆ ಅಂಕಿ 100ಕ್ಕೆ ಮುಟ್ಟಲಿ ಎಂದು ಹರಿವು ಏರಿಸುತ್ತಾ ಹೋಗುವುದು ನಾವು ಸಾಮಾನ್ಯವಾಗಿ ಕಾಣುವ ತಪ್ಪು. ಆಮ್ಲಜನಕ ಶ್ವಾಸಕೋಶದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಅವು ಹಿಗ್ಗಿದಷ್ಟೂ ತೂತಿನಿಂದ ಹೆಚ್ಚು ರಕ್ತ ಅತ್ತಲೇ ಹರಿದು ಶ್ವಾಸಕೋಶ ಇನ್ನೂ ಒದ್ದೆಯಾಗುತ್ತದೆ. ಗುರಿ ಎಷ್ಟು ಎಂದು ವೈದ್ಯರಿಂದ ಕೇಸ್‌ಶೀಟ್‌ನಲ್ಲಿ ಬರೆಸಿಕೊಳ್ಳಿ. ಸಾಮಾನ್ಯವಾಗಿ 90ರ ಮೇಲೆ, 95ರ ಆಸುಪಾಸಿನೊಳಗೆ ಇದ್ದರೆ ಸಾಕಾಗುತ್ತದೆ. ತೀವ್ರ ಅಪಾಯದ ಲಕ್ಷಣ ಇರುವಾಗ ಮಾತ್ರ ಈ ಚೌಕಾಸಿ ಬೇಡ, ಮೊದಲು ಧಾರಾಳವಾಗಿ ಕೊಡಿ, ಸ್ಥಿರವಾದ ಮೇಲೆ ಇಳಿಸಿ.

ಪ್ರಾಂಗ್ ಸಾಲದೆ, ಶ್ವಾಸಕೋಶ ಮುಚ್ಚದಂತೆ ಮೂಗಿನಿಂದ ಸತತ ಒತ್ತಡದಲ್ಲಿ ಗಾಳಿ ಕೊಡುವ ಬಬಲ್ ಸಿಪ್ಯಾಪ್‌ಗೆ ಹೋದರೆ ನೀರಿನ ಬಾಟಲಿಯೊಳಗೆ ಕೊಳವೆ 5 ಸೆಂ.ಮೀ. ಮುಳುಗಿರುವಂತೆ ಆರಂಭಿಸುವುದು ವಾಡಿಕೆ. ಗುಳ್ಳೆ ನಿಂತರೆ ಎಲ್ಲೋ ಸೋರುತ್ತಿದೆ: ಬಾಯಿ ತೆರೆದಿದೆ, ಪ್ರಾಂಗ್ ಜಾರಿದೆ ಅಥವಾ ಕೊಳವೆ ಕಳಚಿದೆ. ಗುಳ್ಳೆ ಬರುತ್ತಿದೆ ಎಂದು ನಿಶ್ಚಿಂತೆಯಿಂದಲೂ ಇರಲಾಗದು. ಮೂಗು ಸಿಂಬಳದಿಂದ ಕಟ್ಟಿ ಮಗುವಿಗೆ ಒತ್ತಡ ತಲುಪದೇ ಇರುವಾಗಲೂ ಬಾಟಲಿ ಗುಳುಗುಳು ಎನ್ನುತ್ತಲೇ ಇರುತ್ತದೆ. ಪ್ರಾಂಗ್‌ನ ಬುಡಕ್ಕೂ ಮೂಗಿನ ನಡುಗೋಡೆಗೂ 2 ಮಿ.ಮೀ. ಅಂತರ ಇರಲಿ, ಒತ್ತಿ ಕೂತರೆ ಎರಡೇ ದಿನದಲ್ಲಿ ಹುಣ್ಣಾಗುತ್ತದೆ.

ಮಲಗಿಸುವುದು, ಮೂಗು, ಜ್ವರ

ತಲೆಭಾಗ 30ರಿಂದ 45 ಡಿಗ್ರಿ ಎತ್ತರಿಸಿ. ಮಂಚದ ತಲೆಭಾಗವನ್ನೇ ಏರಿಸಬೇಕು. ತಲೆಯಡಿ ದಿಂಬು ಇಟ್ಟರೆ ಗಲ್ಲ ಎದೆಗೆ ತಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಭುಜದಡಿ ಮಡಿಸಿದ ಟವೆಲ್ ಇಡಿ. ಸೀರೆಯ ಜೋಲಿ ತೊಟ್ಟಿಲಿಗೂ ಇದೇ ತಕರಾರು: ಮಗು ಬಿಲ್ಲಿನಂತೆ ಬಾಗಿ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಮನೆಗೆ ಹೋಗುವಾಗ ಇದನ್ನು ಅಜ್ಜಿಗೂ ಹೇಳಿ.

ಹಾಲು ಕೊಡುವ ಮೊದಲು ಮೂಗಿನ ಎರಡೂ ಹೊಳ್ಳೆಗೆ 2 ಹನಿ ಸಲೈನ್ ಹಾಕಿ, ಒಂದು ನಿಮಿಷ ಬಿಟ್ಟು ಮೆಲ್ಲಗೆ ತೆಗೆಯಿರಿ. ಯಂತ್ರದ ಸಕ್ಷನ್ ಆದರೆ ಒತ್ತಡ 80ರಿಂದ 100 ಮಿ.ಮೀ. ಪಾದರಸ, ಒಂದು ಸಲಕ್ಕೆ 10 ಸೆಕೆಂಡ್ ಮೀರದಂತೆ.

ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹಕ್ಕೆ ಬೇಕಾಗುವ ಆಮ್ಲಜನಕ ಸುಮಾರು ಹತ್ತನೇ ಒಂದು ಭಾಗ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ., ನಮ್ಮ ಮಗುವಿಗೆ 60 ಮಿ.ಗ್ರಾಂ. ಒಂದು ಮಿ.ಲೀ.ಗೆ 100 ಮಿ.ಗ್ರಾಂ. ಇರುವ ಡ್ರಾಪ್ಸ್ ಆದರೆ 0.6 ಮಿ.ಲೀ.; 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಸಿರಪ್ ಆದರೆ 2.4 ಮಿ.ಲೀ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಔಷಧ ಹೋಗುತ್ತದೆ. ಬಾಟಲಿ ನೋಡದೆ ‘ಅದೇ ಔಷಧಿ ಹಾಕಿ’ ಎಂದು ತಾಯಿಗೆ ಹೇಳಬೇಡಿ. ತಣ್ಣೀರಿನಲ್ಲಿ ಒರೆಸುವುದೂ ಬೇಡ, ನಡುಕಕ್ಕೂ ಆಮ್ಲಜನಕ ಖರ್ಚಾಗುತ್ತದೆ.

ನಾಡಿ, ಜ್ವರ, ಡಯಾಪರ್, ಔಷಧ (ಮುಂದೆ ಹೇಳುವ ಡಿಜಾಕ್ಸಿನ್ ಬಿಟ್ಟು), ಹಾಲು ಎಲ್ಲವನ್ನೂ ಮೂರು ಗಂಟೆಗೊಮ್ಮೆ ಒಂದೇ ಹೊತ್ತಿಗೆ ಮುಗಿಸಿ. ಅರ್ಧ ಗಂಟೆಗೊಬ್ಬರು ಬಂದು ಎಬ್ಬಿಸಿದರೆ ಅತ್ತು ಅತ್ತೇ ಈ ಮಗು ಬಳಲುತ್ತದೆ.

ಹಾಲು ಮತ್ತು ದ್ರವದ ಲೆಕ್ಕ

ಈ ತೂಕದ ಮಗುವಿಗೆ ಸಾಮಾನ್ಯ ದ್ರವದ ಲೆಕ್ಕ ಕೆ.ಜಿ.ಗೆ 100 ಮಿ.ಲೀ., ಅಂದರೆ ದಿನಕ್ಕೆ 400. ಹೃದಯ ಸೋಲುತ್ತಿರುವ ತೀವ್ರ ಹಂತದಲ್ಲಿ ವೈದ್ಯರು ಅದರ ಮುಕ್ಕಾಲಿನಿಂದ ಐದರಲ್ಲಿ ನಾಲ್ಕು ಭಾಗಕ್ಕೆ ಇಳಿಸುತ್ತಾರೆ. 320 ಎಂದು ಬರೆದಿದ್ದಾರೆ ಎಂದುಕೊಳ್ಳಿ. ಮೂರು ಗಂಟೆಗೆ 40 ಮಿ.ಲೀ.ನಂತೆ ಎಂಟು ಸಲ ಕೊಟ್ಟರೆ ಲೆಕ್ಕ ಸರಿಹೋಯಿತು ಅನ್ನಿಸುತ್ತದೆ. ಸರಿಹೋಗಿರುವುದಿಲ್ಲ. ಸೋಂಕಿನ ಔಷಧಗಳಾದ ಆಂಪಿಸಿಲಿನ್ ದಿನಕ್ಕೆ ನಾಲ್ಕು ಸಲ, ಜೆಂಟಾಮೈಸಿನ್ ಒಂದು ಸಲ, ಪ್ರತಿ ಸಲವೂ ಕರಗಿಸಿದ ನೀರು, ಹಿಂದಿನಿಂದ ತೊಳೆಯುವ ಸಲೈನ್ ಎಲ್ಲ ಸೇರಿ ಸುಲಭವಾಗಿ 30 ಮಿ.ಲೀ. ಆಗುತ್ತದೆ. ಅದನ್ನು ಕಳೆದರೆ ಹಾಲಿಗೆ ಉಳಿಯುವುದು 290, ಒಂದು ಸಲಕ್ಕೆ 36. ಡ್ರಿಪ್ ಹಾಕಲೇಬೇಕಾದರೆ ಬ್ಯುರೆಟ್ (ಅಳತೆ ಗೆರೆಗಳಿರುವ ಕೊಳವೆ) ಇರುವ ಮೈಕ್ರೋಡ್ರಿಪ್ ಸೆಟ್ ಬಳಸಿ. ಅದರಲ್ಲಿ ಒಂದು ಮಿ.ಲೀ.ಗೆ 60 ಹನಿ, ಹಾಗಾಗಿ ಗಂಟೆಗೆ ಎಷ್ಟು ಮಿ.ಲೀ. ಬೇಕೋ ನಿಮಿಷಕ್ಕೆ ಅಷ್ಟೇ ಹನಿ. ಬ್ಯುರೆಟ್‌ಗೆ ಎರಡು ಗಂಟೆಯ ದ್ರವಕ್ಕಿಂತ ಹೆಚ್ಚು ತುಂಬಬೇಡಿ. ಕ್ಲ್ಯಾಂಪ್ ಸಡಿಲವಾದರೂ ಅಷ್ಟಕ್ಕೇ ನಿಲ್ಲುತ್ತದೆ.

ಯಾವ ದಾರಿಯಿಂದ ಕೊಡಬೇಕು ಎಂಬುದನ್ನು ಉಸಿರು ಹೇಳುತ್ತದೆ. 60ರೊಳಗಿದ್ದು ಮಗು ಎಚ್ಚರವಾಗಿದ್ದರೆ ಮೊಲೆಯಲ್ಲೇ, 20ರಿಂದ 30 ನಿಮಿಷ ಮೀರದಂತೆ. ಅದಕ್ಕಿಂತ ಹೊತ್ತು ಚೀಪಿದರೆ ಕುಡಿದ ಹಾಲಿನ ಶಕ್ತಿ ಕುಡಿಯುವುದಕ್ಕೇ ಹೋಗುತ್ತದೆ. ಬೇಗ ದಣಿಯುವ ಮಗುವಿಗೆ ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ, ತಲೆ ಎತ್ತಿ ಹಿಡಿದು, ನುಂಗಿದ ಮೇಲೆ ಮುಂದಿನ ಗುಟುಕು. 60-70 ದಾಟಿದರೆ ಬಾಯಿಂದ ಬೇಡ, ಟ್ಯೂಬ್ ಹಾಕಿ. 80ರ ಆಸುಪಾಸಿನಲ್ಲಿ, ನರಳಿಕೆಯೂ ಇದ್ದರೆ, ಟ್ಯೂಬಿನಲ್ಲೂ ಕೊಡದೆ ವೈದ್ಯರನ್ನು ಕೇಳಿ.

ಟ್ಯೂಬ್ ಹಾಕುವ ಕ್ರಮ ಹೀಗೆ:

1. ಆಮ್ಲಜನಕ ಪ್ರಾಂಗ್ ಇರುವ ಕೂಸಿಗೆ ಬಾಯಿಯಿಂದಲೇ ಟ್ಯೂಬ್ ಇಳಿಸಿ. ಈ ವಯಸ್ಸಿನವರು ಹೆಚ್ಚಾಗಿ ಮೂಗಿನಲ್ಲೇ ಉಸಿರಾಡುವವರು. ಒಂದು ಹೊಳ್ಳೆ ಟ್ಯೂಬಿಗೆ ಹೋದರೆ ಉಸಿರಿನ ಶ್ರಮ ಹೆಚ್ಚುತ್ತದೆ. ಗಾತ್ರ 6 ಅಥವಾ 8 ಫ್ರೆಂಚ್.
2. ಬಾಯಿಯ ಅಂಚಿನಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ತುದಿ ಮತ್ತು ಹೊಕ್ಕುಳಿನ ನಡುಬಿಂದುವಿಗೆ ಅಳೆದು ಟೇಪಿನಿಂದ ಗುರುತು ಮಾಡಿ.
3. ಇಳಿಸುವಾಗ ಕೆಮ್ಮು, ನೀಲಿಬಣ್ಣ, ನಾಡಿ ಇಳಿತ ಕಂಡರೆ ತಕ್ಷಣ ಹೊರಗೆಳೆಯಿರಿ.
4. ಸಿರಿಂಜಿನಲ್ಲಿ ಎಳೆದ ರಸದ ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗಾಳಿ ಊದಿ ಹೊಟ್ಟೆಯಲ್ಲಿ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬಬೇಡಿ, ಶ್ವಾಸಕೋಶಕ್ಕೆ ಹೋದ ಟ್ಯೂಬಿನಲ್ಲೂ ಅದೇ ಸದ್ದು ಬರುತ್ತದೆ.
5. ಸಿರಿಂಜಿನ ಹಿಡಿ ತೆಗೆದು, ಕೊಳವೆಯನ್ನು ಹೊಟ್ಟೆಗಿಂತ ಒಂದು ಗೇಣು ಮೇಲೆ ಹಿಡಿದು ಹಾಲು ತಾನಾಗಿ ಇಳಿಯಲು ಬಿಡಿ, 20 ನಿಮಿಷವಾದರೂ ಹಿಡಿಯಲಿ. ಒತ್ತಿ ತಳ್ಳಿದರೆ ವಾಂತಿ, ಹೊಟ್ಟೆಯುಬ್ಬರ, ಹಿಂದೆಯೇ ಉಸಿರಿನ ಕಷ್ಟ.

ಈ ಕಡಿತದ ಹಾಲು ಎಷ್ಟು ದಿನ? ಎದೆಹಾಲು 100 ಮಿ.ಲೀ.ಗೆ ಸುಮಾರು 67 ಕ್ಯಾಲೊರಿ. ದಿನಕ್ಕೆ 290 ಮಿ.ಲೀ. ಎಂದರೆ 200 ಕ್ಯಾಲೊರಿ ಸಹ ಆಗುವುದಿಲ್ಲ, ಇಂಥ ಮಗುವಿಗೆ ಬೇಕಾದದ್ದು ಕೆ.ಜಿ.ಗೆ 120ರಿಂದ 150ರಂತೆ 480ರಿಂದ 600. ಕೆ.ಜಿ.ಗೆ 150 ಮಿ.ಲೀ. ಪೂರ್ತಿ ಹಾಲು ಕೊಟ್ಟರೂ ಸುಮಾರು 400 ಮಾತ್ರ. ಅದಕ್ಕೇ ಉಸಿರು ಇಳಿದ ಕೂಡಲೇ ದ್ರವದ ಕಡಿತವನ್ನು ಸಡಿಲಿಸುವ ಬಗ್ಗೆ, ಎದೆಹಾಲನ್ನೇ ಗಟ್ಟಿಗೊಳಿಸಿ ಕೊಡುವ ಬಗ್ಗೆ ರೌಂಡ್ಸ್‌ನಲ್ಲಿ ನೀವೇ ಕೇಳಬೇಕು. ಯಾರೂ ಕೇಳದಿದ್ದರೆ ಮೊದಲ ದಿನದ ಆದೇಶ ಎಂಟನೇ ದಿನವೂ ಮುಂದುವರಿಯುತ್ತದೆ, ಮಗು 3.8 ಕೆ.ಜಿ.ಗೆ ಇಳಿದು ಮನೆಗೆ ಹೋಗುತ್ತದೆ.

ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ, ಹಾಲಿಗೆ ಮುಂಚೆ, ಅದೇ ತಕ್ಕಡಿಯಲ್ಲಿ, ಬರಿಮೈಯಲ್ಲಿ ತೂಕ ನೋಡಿ. ಚೆನ್ನಾಗಿರುವ ಮೂರು-ನಾಲ್ಕು ತಿಂಗಳ ಕೂಸೂ ದಿನಕ್ಕೆ 30 ಗ್ರಾಂ.ಗಿಂತ ಹೆಚ್ಚು ಬೆಳೆಯುವುದು ಅಪರೂಪ. ಈ ಮಗು ಒಂದೇ ದಿನದಲ್ಲಿ 50 ಗ್ರಾಂ. ಮೀರಿ ಏರಿದರೆ ಮೈಯಲ್ಲಿ ನೀರು ನಿಂತಿದೆ ಎಂದು ತಿಳಿಯಿರಿ. ಮೂತ್ರಕ್ಕೆ ಒಣ ಲಂಗೋಟಿಯ ತೂಕ ಕಳೆದು ಒದ್ದೆ ಲಂಗೋಟಿ ತೂಗಿ, ಒಂದು ಗ್ರಾಂ. ಒಂದು ಮಿ.ಲೀ.ಗೆ ಸಮ. ಗಂಟೆಗೆ ಕೆ.ಜಿ.ಗೆ ಒಂದು ಮಿ.ಲೀ.ನಂತೆ ದಿನಕ್ಕೆ 96 ಮಿ.ಲೀ.ಯಾದರೂ ಬರಬೇಕು.

0.4 ಮಿ.ಲೀ.ನ ಎರಡು ಔಷಧ

ಹೃದಯದ ಬಡಿತಕ್ಕೆ ಬಲ ಕೊಡುವ ಡಿಜಾಕ್ಸಿನ್‌ನ ಕೂಸುಗಳ ದ್ರವರೂಪದಲ್ಲಿ ಒಂದು ಮಿ.ಲೀ.ಗೆ 50 ಮೈಕ್ರೋಗ್ರಾಂ ಇರುತ್ತದೆ. ಕೆ.ಜಿ.ಗೆ 5 ಮೈಕ್ರೋಗ್ರಾಂನಂತೆ ದಿನಕ್ಕೆ ಎರಡು ಸಲ ಎಂದರೆ ನಮ್ಮ ಮಗುವಿಗೆ 20 ಮೈಕ್ರೋಗ್ರಾಂ, ಅಂದರೆ 0.4 ಮಿ.ಲೀ. ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಫ್ಯುರೋಸೆಮೈಡ್ ಇಂಜೆಕ್ಷನ್‌ನಲ್ಲಿ ಒಂದು ಮಿ.ಲೀ.ಗೆ 10 ಮಿ.ಗ್ರಾಂ.; ಕೆ.ಜಿ.ಗೆ 1 ಮಿ.ಗ್ರಾಂ. ಎಂದರೆ ಅದೂ 0.4 ಮಿ.ಲೀ. ಎರಡರ ಅಂಕಿ ಒಂದೇ ಆಗಿರುವುದೇ ಇಲ್ಲಿನ ಅಪಾಯ. ಒಂದೇ ಟ್ರೇಯಲ್ಲಿ ಹೆಸರಿಲ್ಲದ ಎರಡು ಸಿರಿಂಜ್ ಎಂದೂ ಇಡಬೇಡಿ. ದಶಮಾಂಶದ ಮುಂದೆ ಸೊನ್ನೆ ಬರೆಯಿರಿ: ‘.4’ ಎಂದು ಬರೆದರೆ ಚುಕ್ಕಿ ಮಾಸಿ 4 ಆಗುತ್ತದೆ, 4 ಮಿ.ಲೀ. ಡಿಜಾಕ್ಸಿನ್ ಎಂದರೆ ಹತ್ತು ಪಟ್ಟು. ಒಂದು ಮಿ.ಲೀ. ಸಿರಿಂಜಿನಲ್ಲೇ ಎಳೆಯಿರಿ, ಇನ್ನೊಬ್ಬರಿಗೆ ತೋರಿಸಿಯೇ ಕೊಡಿ.

ಕೊಡುವ ಮೊದಲು ಪೂರ್ತಿ ಒಂದು ನಿಮಿಷ ಎದೆಯ ನಾಡಿ ಎಣಿಸಿ. ಕೂಸಿನಲ್ಲಿ 90ರಿಂದ 110ಕ್ಕಿಂತ ಕೆಳಗೆ, ದೊಡ್ಡ ಮಕ್ಕಳಲ್ಲಿ 70ಕ್ಕಿಂತ ಕೆಳಗೆ ಇದ್ದರೆ ತಡೆಹಿಡಿದು ವೈದ್ಯರಿಗೆ ತಿಳಿಸಿ. ನಿಮ್ಮ ಮಗುವಿಗೆ ನಿಖರ ಗಡಿ ಎಷ್ಟೆಂದು ಬರೆಸಿಕೊಂಡಿರಿ. ಹಾಲಿಗೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ಕೊಡಿ, ಹಾಲಿನಲ್ಲಿ ಬೆರೆಸಬೇಡಿ. ಕುಡಿದು ವಾಂತಿ ಮಾಡಿದರೆ ಮತ್ತೆ ಕೊಡುವಂತಿಲ್ಲ. ವಾಂತಿ ಡಿಜಾಕ್ಸಿನ್ ಹೆಚ್ಚಾದುದರ ಮೊದಲ ಗುರುತೂ ಆಗಿರಬಹುದು. ಡೋಸ್ ಮರೆತು ನಾಲ್ಕು ಗಂಟೆ ದಾಟಿದ್ದರೆ ಬಿಟ್ಟುಬಿಡಿ, ಮುಂದಿನ ಸಲ ಎರಡು ಡೋಸ್ ಸೇರಿಸಬೇಡಿ.

ಫ್ಯುರೋಸೆಮೈಡ್ ಮೂತ್ರದ ಜತೆ ಪೊಟ್ಯಾಸಿಯಂ ಅನ್ನೂ ಹೊರಹಾಕುತ್ತದೆ. ಪೊಟ್ಯಾಸಿಯಂ ಇಳಿದ ಮೈಯಲ್ಲಿ ಸರಿಯಾದ ಅಳತೆಯ ಡಿಜಾಕ್ಸಿನ್ ಕೂಡ ವಿಷವಾಗುತ್ತದೆ. ಹೊಟ್ಟೆ ಉಬ್ಬಿ, ಕೈಕಾಲು ಜೋಲು ಬಿದ್ದು, ನಾಡಿ ತಪ್ಪುತ್ತಿದ್ದರೆ ರಕ್ತಪರೀಕ್ಷೆ ಕೇಳಿ. ಜೆಂಟಾಮೈಸಿನ್ ಜತೆ ಸೇರಿದರೆ ಕಿವಿಗೂ ಮೂತ್ರಪಿಂಡಕ್ಕೂ ಪೆಟ್ಟು ಹೆಚ್ಚು, ಆದ್ದರಿಂದ ಮೂತ್ರದ ಲೆಕ್ಕ ಆ ದಿನಗಳಲ್ಲಿ ತಪ್ಪಲೇಬಾರದು.

ಸಾಲ್ಬುಟಮಾಲ್ ನೆಬ್ಯುಲೈಸೇಶನ್ ಬಗ್ಗೆ ಒಂದೇ ಮಾತು: ಗೊರಗೊರ ಸದ್ದೆಲ್ಲ ಉಬ್ಬಸವಲ್ಲ. ಸೀಟಿಯಂಥ ಸದ್ದಿಲ್ಲದ ಈ ಮಗುವಿಗೆ ಅದರಿಂದ ಸಿಗುವುದು ಇನ್ನಷ್ಟು ವೇಗದ ನಾಡಿ ಮಾತ್ರ.

ನೀಲಿ ಮಗುವಿನ ಶಾಸ್ತ್ರವೇ ಬೇರೆ

ಮೇಲಿನದೆಲ್ಲ ಶ್ವಾಸಕೋಶಕ್ಕೆ ರಕ್ತ ಹೆಚ್ಚಾದ ಮಗುವಿಗೆ. ಪಕ್ಕದ ಮಂಚದಲ್ಲಿ ಟೆಟ್ರಾಲಜಿ ಆಫ್ ಫ್ಯಾಲೋ (ತೂತಿನ ಜತೆಗೆ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಕಿರಿದಾಗಿರುವ ಹುಟ್ಟು ಹೃದ್ರೋಗ) ಇರುವ ಮಗುವಿದ್ದರೆ ಅದರ ಶ್ವಾಸಕೋಶಕ್ಕೆ ರಕ್ತವೇ ಸಾಲದು. ಬೆಳಗ್ಗೆ ಎದ್ದ ಕೂಡಲೇ, ಅತ್ತಾಗ, ಮಲವಿಸರ್ಜನೆ ಮಾಡುವಾಗ ಇದ್ದಕ್ಕಿದ್ದಂತೆ ಕಡುನೀಲಿಯಾಗಿ, ಆಳವಾಗಿ, ವೇಗವಾಗಿ ಉಸಿರಾಡತೊಡಗುತ್ತದೆ. ಮೊದಲು ತಾಯಿಯ ಹೆಗಲಿಗೆ ಒರಗಿಸಿ ಎರಡೂ ಮಂಡಿಯನ್ನು ಎದೆಗೆ ಒತ್ತಿ ಹಿಡಿಸಿ. ಕಾಲಿನ ರಕ್ತನಾಳಗಳು ಮಡಚಿಕೊಂಡಾಗ ಮೈಯ ಕಡೆಯ ತಡೆ ಹೆಚ್ಚಿ ರಕ್ತ ಶ್ವಾಸಕೋಶದತ್ತ ತಿರುಗುತ್ತದೆ. ಆಮ್ಲಜನಕವನ್ನು ಮುಖದ ಹತ್ತಿರ ಹಿಡಿಯಿರಿ, ಮಾಸ್ಕ್ ಒತ್ತಿ ಅಳಿಸಬೇಡಿ. ವೈದ್ಯರು ಬರುವಷ್ಟರಲ್ಲಿ ಮಾರ್ಫಿನ್ (ಕೆ.ಜಿ.ಗೆ 0.1 ಮಿ.ಗ್ರಾಂ.), ಕೆ.ಜಿ.ಗೆ 10 ಮಿ.ಲೀ. ಸಲೈನ್, ಪ್ರೊಪ್ರನಲಾಲ್ ತೆಗೆದಿಡಿ. ಸೂಜಿಗಾಗಿ ಹತ್ತು ಸಲ ಚುಚ್ಚಿದರೆ ಪ್ರತಿ ಅಳುವೂ ಈ ನೀಲಿಗಟ್ಟುವಿಕೆಯನ್ನು ಉದ್ದ ಮಾಡುತ್ತದೆ. ಡಿಜಾಕ್ಸಿನ್ ಇಲ್ಲಿ ಕೆಡುಕು.

ಈ ಮಗುವಿಗೆ ದ್ರವ ಕಡಿತ ಮಾಡುವಂತಿಲ್ಲ. ರಕ್ತ ಮೊದಲೇ ಗಟ್ಟಿ. ಭೇದಿಯಾಗಿ ಒಣಗಿದರೆ ಮೆದುಳಿನಲ್ಲಿ ಹೆಪ್ಪುಗಟ್ಟಬಹುದು, ಆದ್ದರಿಂದ ಮೊದಲ ಭೇದಿಗೇ ಓಆರ್‌ಎಸ್. ಡ್ರಿಪ್ ಕೊಳವೆಯಲ್ಲಿ ಒಂದು ಗಾಳಿಗುಳ್ಳೆಯೂ ಇರಕೂಡದು, ತೂತಿನ ಮೂಲಕ ಅದು ನೇರ ಮೆದುಳಿಗೆ ಹೋಗಬಲ್ಲದು.

ಕಳಿಸುವಾಗ

ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದರೆ ಸಿಲಿಂಡರ್ ಲೆಕ್ಕ ಹಾಕಿ. ತುಂಬಿದ ಬಿ-ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 1 ಲೀಟರ್ ಆದರೆ 25 ಗಂಟೆ ಸಾಕು. ಸಿಪ್ಯಾಪ್‌ಗೆ 8 ಲೀಟರ್ ಆದರೆ ಮೂರೇ ಗಂಟೆ. ಮುಳ್ಳು ಅರ್ಧಕ್ಕಿದ್ದರೆ ಒಂದೂವರೆ ಗಂಟೆ, ರಾಯಚೂರಿನಿಂದ ಕಲಬುರಗಿ ತಲುಪಲೂ ಸಾಲದು. ಮಗುವಿನ ಗಾತ್ರದ ಬ್ಯಾಗ್-ಮಾಸ್ಕ್ ಜತೆಯಲ್ಲಿರಲಿ, ಕೊನೆಯ ಡಿಜಾಕ್ಸಿನ್ ಕೊಟ್ಟ ಸಮಯ ಚೀಟಿಯಲ್ಲಿರಲಿ.

ಶಸ್ತ್ರಚಿಕಿತ್ಸೆಗೆ ದಾರಿ ತೋರಿಸುವುದೂ ಬಿಡುಗಡೆಯ ಭಾಗವೇ. ಮಕ್ಕಳ ಆರೋಗ್ಯ ತಪಾಸಣೆಗೆಂದು ಸರ್ಕಾರ 2013ರಲ್ಲಿ ಶುರುಮಾಡಿದ ಆರ್‌ಬಿಎಸ್‌ಕೆ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ಹುಟ್ಟು ಹೃದ್ರೋಗವೂ ಸೇರಿದೆ. ಅಂಗನವಾಡಿಗೆ ಬರುವ ತಂಡದ ವೈದ್ಯರ ಮೂಲಕ ಅಥವಾ ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆಗೆ ಕಳಿಸುವ ಕೇಂದ್ರ) ಹೆಸರು ನೋಂದಾಯಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿದ್ದಾರೆಯೇ ಕೇಳಿ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ ಆಸ್ಪತ್ರೆಗಳಿವೆ. ಲಸಿಕೆ ಬಿಡಬಾರದು: ನ್ಯುಮೋಕಾಕಲ್ ಲಸಿಕೆ 6 ವಾರ, 14 ವಾರ ಮತ್ತು 9 ತಿಂಗಳಿಗೆ, ಫ್ಲೂ ಲಸಿಕೆ 6 ತಿಂಗಳ ನಂತರ.

ತಾಯಿಗೆ ಹೇಳುವಾಗ ಮನೆಯ ಹಿರಿಯರೂ ಇರಲಿ, ಏಕೆಂದರೆ ತೀರ್ಮಾನ ಮಾಡುವವರು ಬಹಳ ಸಲ ಅವರೇ. ಸ್ನಾನದ ನಂತರ ಸಾಂಬ್ರಾಣಿ ಹೊಗೆ ಬೇಡ, ಮೂಗಿಗೆ-ಬಾಯಿಗೆ ಎಣ್ಣೆ ಬಿಡುವುದು ಬೇಡ; ಎಣ್ಣೆ ಶ್ವಾಸಕೋಶಕ್ಕಿಳಿದರೆ ಯಾವ ಔಷಧಕ್ಕೂ ಜಗ್ಗದ ನ್ಯುಮೋನಿಯಾ ಆಗುತ್ತದೆ. ಪಕ್ಕೆ ಹೊಡೆದುಕೊಳ್ಳುವ ಮಗುವಿನ ಹೊಟ್ಟೆಗೆ ಬರೆ ಹಾಕಿಸುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಗದರದೆ, ಸುಟ್ಟ ಗಾಯದಿಂದ ಸೋಂಕು ರಕ್ತಕ್ಕೆ ಸೇರುವುದನ್ನು ಬಿಡಿಸಿ ಹೇಳಿ. ಮಲಗಿರುವ ಮಗುವಿನ ಉಸಿರನ್ನು ಮೊಬೈಲಿನ ಟೈಮರ್ ಇಟ್ಟು ಒಂದು ನಿಮಿಷ ಎಣಿಸುವುದನ್ನು ಬಿಡುಗಡೆಗೆ ಮೊದಲು ತಾಯಿಯಿಂದ ಮೂರು ಸಲ ಮಾಡಿಸಿ, ನಿಮ್ಮ ಎಣಿಕೆಗೆ ತಾಳೆ ನೋಡಿ. ಮನೆಯಲ್ಲಿ ಅದು 60 ದಾಟಿದರೆ, ಎರಡು ಹೊತ್ತು ಹಾಲು ಅರ್ಧಕ್ಕೇ ಬಿಟ್ಟರೆ, ಆರು ಗಂಟೆ ಲಂಗೋಟಿ ಒದ್ದೆಯಾಗದಿದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು.